ಬೇಲ್ ಸಿಕ್ಕಿತು, ಮನುಷ್ಯ ಸಿಗಲಿಲ್ಲ

ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದ್ದರು: ‘ಕ್ರಿಮಿನಲ್ ನ್ಯಾಯ ಕ್ಷೇತ್ರದಲ್ಲಿ ಆಸಕ್ತಿಯುಳ್ಳ ಕಾನೂನು ವಿದ್ಯಾರ್ಥಿಗಳಿಗೆ ಅವಕಾಶ.’ ಉಚಿತ ಕಾನೂನು ನೆರವಿನ ಕೇಸು ನಡೆಸುವ ವಕೀಲರೊಬ್ಬರ ಕೈಕೆಳಗೆ ದೊಡ್ಡಬಳ್ಳಾಪುರದಲ್ಲಿ ಎರಡು ತಿಂಗಳು ಕೆಲಸ. ಸಂಬಳದ ಸುದ್ದಿ ಇಲ್ಲ, ಸರ್ಟಿಫಿಕೇಟ್ ಉಂಟು. ನಮ್ಮ ಕ್ಲಾಸಿನ ಬುದ್ಧಿವಂತರೆಲ್ಲ ಬೆಂಗಳೂರಿನ ಎಸಿ ಆಫೀಸುಗಳಿಗೆ ಅರ್ಜಿ ಹಾಕಿಕೊಂಡರು. ಈ ಹಾಳೆ ನೋಡಿ ಅರ್ಜಿ ಹಾಕಿದವಳು ನಾನೊಬ್ಬಳೇ. ಹಾಗಾಗಿ ಆಯ್ಕೆಯಾದವಳೂ ನಾನೇ.

ನನ್ನ ತಲೆಯಲ್ಲಿ ಇದ್ದದ್ದು ಪಾಟೀಸವಾಲು. ಕಟಕಟೆಯಲ್ಲಿ ಸುಳ್ಳು ಸಾಕ್ಷಿ ಬೆವರೊರೆಸಿಕೊಳ್ಳಬೇಕು, ನಾನು ಕನ್ನಡಕ ಮೇಲೇರಿಸಿ ‘ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು’ ಅನ್ನಬೇಕು. ನನಗೆ ಕನ್ನಡಕವೇ ಇಲ್ಲ ಅನ್ನೋದು ಬೇರೆ ಮಾತು. ಹೊಸಕೋಟೆಯಲ್ಲಿ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ, ದೇವನಹಳ್ಳಿಯಲ್ಲಿ ಇಳಿದು ಇನ್ನೊಂದು ಹತ್ತಿ, ಒಂಬತ್ತೂವರೆಗೆ ಸೀನಿಯರ್ ಮುಂದೆ ಹಾಜರಾದೆ. ಅವರು ಐವತ್ತು ದಾಟಿದವರು, ಪ್ರತಿ ಮಾತಿಗೂ ಮೊದಲು ಒಂದು ನಿಟ್ಟುಸಿರು ಬಿಡುವವರು. ನಿಟ್ಟುಸಿರು ಬಿಟ್ಟು ನನ್ನ ಕೈಗೆ ಒಂದು ಪಟ್ಟಿ ಕೊಟ್ಟರು.

“ಇವರಿಗೆಲ್ಲ ಬೇಲ್ ಆಗಿದೆ.”

“ಒಳ್ಳೇದಾಯ್ತಲ್ಲ ಸರ್.”

“ಇವರೆಲ್ಲ ಇನ್ನೂ ಜೈಲಲ್ಲೇ ಇದಾರೆ.”

ಟೈಪಿಂಗ್ ತಪ್ಪಿರಬೇಕು ಅಂದುಕೊಂಡೆ. ತಪ್ಪಿರಲಿಲ್ಲ. ನಾಲ್ಕು ವರ್ಷ ಕಾನೂನು ಓದಿದ ನನಗೆ ಬೇಲ್ ಅಂದರೆ ಬಾಗಿಲು ತೆರೆದ ಹಾಗೆ. ಆದರೆ ಆರ್ಡರಿನ ಕೊನೆಗೆ ಒಂದು ಸಾಲು ಇರುತ್ತದೆ: ಆರೋಪಿ ತಾನೊಂದು ಮುಚ್ಚಳಿಕೆ ಬರೆದುಕೊಡಬೇಕು, ಜೊತೆಗೆ ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರನನ್ನು ಕರೆತರಬೇಕು. ಅವನು ಬಂದು ‘ಈ ಮನುಷ್ಯ ವಿಚಾರಣೆಯ ಡೇಟಿಗೆ ಬರದಿದ್ದರೆ ನಾನು ಹೊಣೆ’ ಅಂತ ಸಹಿ ಹಾಕಬೇಕು. ಅವನ ಹೆಸರಿನಲ್ಲಿ ಜಮೀನಿರಬೇಕು, ಈ ಸಾಲಿನ ಪಹಣಿ ಇರಬೇಕು, ಆಧಾರ್ ಇರಬೇಕು, ಫೋಟೋ ಇರಬೇಕು, ಅಫಿಡವಿಟ್ ಇರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಅಂದರೆ ಪಹಣಿ.

ಪಟ್ಟಿಯಲ್ಲಿ ಮೊದಲ ಹೆಸರು ದೊಡ್ಡಬೆಳವಂಗಲ ಕಡೆಯ ಒಬ್ಬ ಬೋರ್‌ವೆಲ್ ಮೋಟ್ರು ಮೆಕ್ಯಾನಿಕ್‌ನದು. ಯಾರದೋ ತೋಟದ ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರಿನ ತನಕ ಹೋಗುವ ಕೇಬಲ್ಲನ್ನು ಕತ್ತರಿಸಿಕೊಂಡು ಹೋದ ಅಂತ ಆರೋಪ. ಬೇಲ್ ಆಗಿ ಮೂವತ್ತನಾಲ್ಕು ದಿನವಾಗಿತ್ತು. ಅವನ ಹೆಂಡತಿ ಅಷ್ಟೂ ವಾರ ಬಿಡದೆ ಸೋಮವಾರ ಸೋಮವಾರ ಆಫೀಸಿಗೆ ಬರುತ್ತಿದ್ದಳಂತೆ. ಅವತ್ತೂ ಸೋಮವಾರವೇ. ನನ್ನ ಕರಿ ಕೋಟು, ಬಿಳಿ ಅಂಗಿ ನೋಡಿ ಸೀದಾ ನನ್ನ ಹತ್ತಿರವೇ ಬಂದಳು.

“ನೀವು ಹೊಸ ಮೇಡಮ್ಮಾ? ನಂಗೊಂದು ಅರ್ಥ ಮಾಡ್ಸಿ. ಬೇಲ್ ಸಿಕ್ತು ಅಂತ ಹೇಳಿ ತಿಂಗ್ಳಾಯ್ತು. ಬೇಲ್ ಸಿಕ್ತು ಸರಿ, ಮನುಷ್ಯ ಎಲ್ಲಿ?”

ನಾನು ಜಾಮೀನುದಾರ, ಪಹಣಿ, ಅಫಿಡವಿಟ್ ಎಲ್ಲ ವಿವರಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತೆ ಅಂದುಕೊಂಡಿದ್ದೆ. ಆದರೆ ಅವಳಿಗೆ ಅದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಅವಳ ಅಣ್ಣನಿಗೆ ಹಿಂದೂಪುರದ ಹತ್ತಿರ ಎರಡು ಎಕರೆ ಇದೆ, ಆದರೆ ಅದು ಆಂಧ್ರದ ಪಹಣಿ, ಅದನ್ನು ಪರಿಶೀಲಿಸಿ ತರುವಷ್ಟರಲ್ಲಿ ವಾರಗಟ್ಟಲೆ. ಶ್ಯೂರಿಟಿ ಬೇಡ, ಅವನ ಮುಚ್ಚಳಿಕೆ ಮೇಲೇ ಬಿಡಿ ಅಂತ ಸೀನಿಯರ್ ಒಂದು ಅರ್ಜಿ ಹಾಕಿದ್ದರು, ಅದರ ವಿಚಾರಣೆ ದಸರಾ ರಜೆ ಕಳೆದ ಮೇಲೆ. ರಜೆಗೆ ಇನ್ನು ಉಳಿದದ್ದು ಐದು ದಿನ. ಅಷ್ಟರೊಳಗೆ ಒಬ್ಬ ಜಾಮೀನುದಾರ ಸಿಗದಿದ್ದರೆ ಮೆಕ್ಯಾನಿಕ್‌ಗೆ ಹಬ್ಬ ಒಳಗೇ.

“ಕದ್ದಿದ್ದಾರೋ ಇಲ್ವೋ ಅದು ಕೋರ್ಟ್ ನೋಡ್ಲಿ,” ಅಂದಳು ಅವಳು. “ಮನೇಲಿ ಕೇಬಲ್ ಸಿಕ್ತು ಅಂತಾರೆ. ಮೋಟ್ರು ರಿಪೇರಿಯವ್ನ ಮನೇಲಿ ಕೇಬಲ್ ಸಿಗ್ದೆ ಕೊಬ್ರಿ ಸಿಗುತ್ತಾ?”

ಈ ವಾದವನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಪಾಟೀಸವಾಲಿನಲ್ಲಿ ಉಪಯೋಗಕ್ಕೆ ಬರುತ್ತೆ ಅಂತ.

ಎಲ್ಲ ಕೋರ್ಟುಗಳ ಸುತ್ತಮುತ್ತ ಬಾಡಿಗೆಗೆ ಜಾಮೀನು ನಿಲ್ಲುವವರು ಇರುತ್ತಾರೆ ಅಂತ ಕೇಳಿದ್ದೆ. ಆ ಮಾತೆತ್ತಿದ್ದೇ ತಡ, ಸೀನಿಯರ್ ನಿಟ್ಟುಸಿರನ್ನೂ ಬಿಡದೆ “ಆ ದಾರಿ ಮಾತ್ರ ಬೇಡಮ್ಮ” ಅಂದರು. “ಊರಿಗೆ ಹೋಗು. ಅವನನ್ನ ಬಲ್ಲವರು ಯಾರಾದ್ರೂ ನಿಲ್ಲಲಿ.” ಬೇಲ್ ಆರ್ಡರಿನ ಜೆರಾಕ್ಸ್ ಒಂದು ಕೈಗಿಟ್ಟರು. ಕೇಸಿನ ಉಳಿದ ಕಾಗದ ಬೀರುವಿನಲ್ಲಿತ್ತು, ತೆಗೆದು ಓದಿಕೊಂಡು ಹೋಗು ಅಂತಲೂ ಹೇಳಿದರು. ಬಸ್ಸು ಹೊರಟುಬಿಡುತ್ತೆ ಅನ್ನುವ ಗಡಿಬಿಡಿಯಲ್ಲಿ ನಾನು ಓದಲಿಲ್ಲ. ಜ್ಞಾಪಕವಿರಲಿ, ಓದಲಿಲ್ಲ.

ಊರಿನಲ್ಲಿ ಮೊದಲ ಮನೆಯವರು ಮೆಕ್ಯಾನಿಕ್ ಹೆಸರು ಹೇಳುತ್ತಲೇ ಕೂರಿಸಿ ಮಜ್ಜಿಗೆ ಕೊಟ್ಟರು. ಒಳ್ಳೇ ಮನುಷ್ಯ, ಕರೆದರೆ ಊಟ ಬಿಟ್ಟು ಬರ್ತಿದ್ದ, ಖಂಡಿತ ನಿಲ್ತೀನಿ ಅಂದರು ಮನೆಯ ಹಿರಿಯರು. ಪಹಣಿ ತಂದರು. ಮಾಲೀಕರ ಕಾಲಂನಲ್ಲಿ ಬೇರೆ ಹೆಸರು.

“ಇದು ಯಾರು?”

“ನಮ್ ತಾತ.”

“ಅವರನ್ನೇ ಕರೀರಿ.”

“ಅವ್ರು ಹೋದಾಗ ನಾನಿನ್ನೂ ಸ್ಕೂಲಿಗೇ ಸೇರಿರ್ಲಿಲ್ಲ.”

ಎರಡನೇ ಮನೆಯದೂ ಇದೇ ಕಥೆ, ಅಲ್ಲಿ ಮುತ್ತಾತ. ಸತ್ತವರ ಹೆಸರಿನಿಂದ ಮಕ್ಕಳ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಅದಕ್ಕೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ಒಂದು ಕಡೆ ಕೂತು ಒಪ್ಪಬೇಕು. ಮೂರನೇ ಮನೆಯ ಏಳು ಜನ ಅಣ್ಣತಮ್ಮಂದಿರು ಒಂದು ಕಡೆ ಕೂತದ್ದು ಕೊನೆಯ ಸಲ ಅಪ್ಪನ ತಿಥಿಯಲ್ಲಂತೆ, ಅವತ್ತೂ ಮೂವರು ಊಟ ಬಿಟ್ಟು ಎದ್ದು ಹೋದರಂತೆ. ನಾಲ್ಕನೇ ಮನೆಯಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ಪಹಣಿ ಬದುಕಿರುವ ಹೆಂಗಸಿನ ಹೆಸರಲ್ಲಿ, ಒಬ್ಬರದೇ ಖಾತೆ. “ನಮ್ಮ ಯಜಮಾನ್ರನ್ನ ಕೇಳ್ಬೇಕು” ಅಂದಳು ಆಕೆ. ಹಿತ್ತಲಲ್ಲಿ ಹಸು ತೊಳೆಯುತ್ತಿದ್ದ ಯಜಮಾನರನ್ನು ಕೇಳಿದೆ. “ಜಮೀನು ಅವಳ್ದು ಕಣಮ್ಮ, ಅವಳನ್ನೇ ಕೇಳು” ಅಂದರು. ಮತ್ತೆ ಒಳಗೆ ಹೋದೆ. ಮತ್ತೆ ಹಿತ್ತಲಿಗೆ ಬಂದೆ. ನಾಲ್ಕು ಸಲ ಓಡಾಡಿದ ಮೇಲೆ ಇದು ಇಬ್ಬರೂ ಕೂಡಿ ‘ಇಲ್ಲ’ ಅನ್ನುವ ರೀತಿ ಅಂತ ನನಗೆ ತಿಳಿಯಿತು. ಹಸುವಿಗೂ ನನಗಿಂತ ಮೊದಲೇ ತಿಳಿದಿತ್ತು ಅನ್ನಿಸುತ್ತೆ.

ಒಟ್ಟಿನಲ್ಲಿ ಆ ಊರಲ್ಲಿ ಜಮೀನಿದ್ದವರೆಲ್ಲ ಸತ್ತು ಹೋಗಿದ್ದರು, ಬದುಕಿದ್ದವರ ಹೆಸರಲ್ಲಿ ಜಮೀನಿರಲಿಲ್ಲ. ಹಾಲಿನ ಡೇರಿ ಕಟ್ಟೆ ಮೇಲೆ ಕಾಲು ಚಾಚಿ ಕೂತೆ. ಅಲ್ಲಿದ್ದ ಒಬ್ಬರು ನನ್ನ ಗೋಳು ಕೇಳಿ, “ಅಯ್ಯೋ, ಕ್ಲೀನ್ ಪಹಣಿ ಬೇಕಂದ್ರೆ ಫೈಲಪ್ಪನ ಮನೆಗೆ ಹೋಗಿ. ವಿಭಾಗ, ಪೋಡಿ, ಖಾತೆ ಎಲ್ಲ ಮಾಡ್ಸಿ ಇಟ್ಕೊಂಡಿರೋ ಏಕೈಕ ಗಂಡ್ಸು ಈ ಊರಲ್ಲಿ” ಅಂದರು. ಹೇಳುವಾಗ ಮುಖ ಯಾಕೋ ಅತ್ತ ತಿರುಗಿಸಿಕೊಂಡರು. ಪಕ್ಕದಲ್ಲಿದ್ದ ಇನ್ನಿಬ್ಬರಿಗೆ ಒಮ್ಮೆಲೇ ಕೆಮ್ಮು ಬಂತು. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಫೈಲಪ್ಪ ಅನ್ನುವುದು ಊರು ಇಟ್ಟ ಹೆಸರು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಪಂಚೆ. ಕಾಗದ ಅಂದರೆ ಆ ಮನುಷ್ಯನಿಗೆ ಪ್ರಾಣ. ಪಹಣಿಗೆ ಲ್ಯಾಮಿನೇಷನ್ ಮಾಡಿಸಿಟ್ಟಿದ್ದರು. ಕರೆಂಟ್ ಬಿಲ್, ಹಸುವಿನ ವಿಮೆ, ಮೂವತ್ತು ವರ್ಷದ ಕಂದಾಯ ರಸೀದಿ, ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರು ಕಾಫಿ ತರಿಸಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬಡವ, ಮೋಟ್ರು ಮೆಕ್ಯಾನಿಕ್, ಯಾರೋ ಪುಣ್ಯಾತ್ಮ ಸುಮ್ಮನೆ ಅನುಮಾನದ ಮೇಲೆ ಕಂಪ್ಲೇಂಟ್ ಕೊಟ್ಟು ಒಳಗೆ ಹಾಕಿಸಿದ್ದಾನೆ, ಮೋಟ್ರು ರಿಪೇರಿಯವನ ಮನೆಯಲ್ಲಿ ಕೇಬಲ್ ಸಿಗದೆ ಕೊಬ್ಬರಿ ಸಿಗುತ್ತಾ ಸರ್ ಅಂತ ಕೂಡ ಕೇಳಿದೆ.

ಅವರು ಲೋಟ ಕೆಳಗಿಟ್ಟರು. “ಈ ಕೇಸಲ್ಲಿ ಫಿರ್ಯಾದಿ ಯಾರು ಅಂತ ಓದ್ಕೊಂಡ್ ಬಂದಿದ್ದೀಯೇನಮ್ಮ?”

“ಇಲ್ಲ ಸರ್.”

ಅವರು ಎದ್ದು ಹೋಗಿ ಇನ್ನೊಂದು ಕವರು ತಂದರು. ಕಂಪ್ಲೇಂಟಿನ ಪ್ರತಿ. ಕೆಳಗೆ ಸಹಿ. ಅದಕ್ಕೂ ಲ್ಯಾಮಿನೇಷನ್.

ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿರಬೇಕು. ಉಳಿದ ಕಾಫಿ ಕುಡಿಯುವುದೋ ಬಿಡುವುದೋ ತಿಳಿಯಲಿಲ್ಲ. ಕುಡಿದೆ. ನಮಸ್ಕಾರ ಹೇಳಿ ಹೊರಗೆ ಬಂದರೆ ಡೇರಿ ಕಟ್ಟೆಯವರಿಗೆ ಇನ್ನೂ ಕೆಮ್ಮು ನಿಂತಿರಲಿಲ್ಲ.

ಇದು ನಗುವ ವಿಷಯ ಅಲ್ಲ ಅಂತ ಬಸ್ಸಿನಲ್ಲಿ ಹೊಳೆಯಿತು. ಫಿರ್ಯಾದಿ ಅಂದರೆ ಕೇಸಿನ ಮೊದಲ ಸಾಕ್ಷಿ. ಆರೋಪಿಯ ವಕೀಲರ ಕಡೆಯವಳು ಸಾಕ್ಷಿಯ ಮನೆಗೆ ಹೋಗಿ ಕಾಫಿ ಕುಡಿದು ಬಂದಳು ಅಂದರೆ, ಸಾಕ್ಷಿಯನ್ನು ಒಲಿಸಿಕೊಳ್ಳಲು ಹೋಗಿದ್ದಳು ಅಂತ ಯಾರು ಬೇಕಾದರೂ ಹೇಳಬಹುದು. ಅವನ ಬೇಲೇ ರದ್ದಾದರೆ? ಮರುದಿನ ಬೆಳಿಗ್ಗೆ ಸೀನಿಯರ್ ಮುಂದೆ ನಿಂತು ಎಲ್ಲ ಒಪ್ಪಿಸಿದೆ. ಅವರು ನನ್ನ ಸೇವಾವಧಿಯ ಅತಿ ಉದ್ದದ ನಿಟ್ಟುಸಿರು ಬಿಟ್ಟರು. “ಓದದೆ ಹೋದ್ರೆ ಹಿಂಗೇ ಆಗೋದು. ಇನ್ನು ಆ ಊರ ಕಡೆ ತಲೆ ಹಾಕ್ಬೇಡ” ಅಂದರು. ಅವತ್ತು ಪೂರ್ತಿ ನನಗೆ ಜೆರಾಕ್ಸ್ ಕೆಲಸ. ಮೆಕ್ಯಾನಿಕ್‌ನ ಹೆಂಡತಿಗೆ ಫೋನ್ ಮಾಡಿ ಶ್ಯೂರಿಟಿ ಸಿಗಲಿಲ್ಲ ಅಂದೆ. ಅವಳು ಬೈಯಲಿಲ್ಲ. “ಸರಿ ಬಿಡಿ ಮೇಡಂ, ಹೋಗಿ ಬಂದ್ರಲ್ಲ” ಅಂದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ರಜೆಗೆ ಮುಂಚಿನ ಕೊನೆಯ ದಿನ ಹತ್ತೂವರೆಗೆ ಆಫೀಸಿನ ಬಾಗಿಲಲ್ಲಿ ಇಸ್ತ್ರಿ ಪಂಚೆ ಕಂಡಿತು. ಕಂಕುಳಲ್ಲಿ ಫೈಲು. ಫಿರ್ಯಾದಿ ಖುದ್ದು ಬಂದಿದ್ದರು.

“ಶ್ಯೂರಿಟಿ ಬೇಕು ಅಂದಿದ್ಯಲ್ಲಮ್ಮ. ಹೊಸ ಪಹಣಿ ತಂದಿದೀನಿ. ಲ್ಯಾಮಿನೇಷನ್ ಮಾಡ್ಸಿಲ್ಲ, ಕೋರ್ಟಿಗೆ ಸೀಲ್ ಹಾಕೋಕೆ ಬೇಕಾಗುತ್ತೆ ಅಂತ.”

ನಾನು ಕುರ್ಚಿ ಎಳೆದು ಕೂರಿಸಿದೆ. ವಿಷಯ ಹೊರಬಿತ್ತು. ಕೇಬಲ್ ಹೋದ ಮೇಲೆ ಅವರು ಹೊಸ ಕೇಬಲ್ ಹಾಕಿಸಿದ್ದರು. ಹಾಕಿದ ಹೊಸ ಮೆಕ್ಯಾನಿಕ್ ಏನೋ ಎಡವಟ್ಟು ಮಾಡಿ ಮೋಟ್ರು ಸುಟ್ಟಿದ್ದ. ಎತ್ತಲು ಹೋದರೆ ಕಾಲು ಭಾಗ ಬಂದು ಒಳಗೆ ಸಿಕ್ಕಿಕೊಂಡಿತ್ತು. ಒಳಗೆ ಎಷ್ಟು ಪೈಪಿದೆ, ಎಲ್ಲಿ ಅಡಚಣೆ ಇದೆ ಅಂತ ತಿಳಿಯದೆ ಎಳೆದರೆ ಮೋಟ್ರೇ ಕಳಚಿ ಪಾತಾಳಕ್ಕೆ ಹೋಗುತ್ತೆ ಅಂತ ಯಾರೂ ಮುಟ್ಟುತ್ತಿರಲಿಲ್ಲ. ಆ ಬೋರಿಗೆ ಪೈಪು ಇಳಿಸಿದ್ದವನು ಜೈಲಿನಲ್ಲಿದ್ದ. ತೋಟದಲ್ಲಿ ಆಯುಧಪೂಜೆಗೆ ಬರಬೇಕಾದ ಸೇವಂತಿಗೆ ಮೊಗ್ಗು ಹಿಡಿದು ನಿಂತಿತ್ತು, ಡ್ರಿಪ್ಪಿನಲ್ಲಿ ಹನಿ ನೀರಿಲ್ಲ.

“ನನ್ ಹತ್ರ ಎಲ್ಲದಕ್ಕೂ ಕಾಗ್ದ ಐತಮ್ಮ,” ಅಂದರು ಅವರು, ಈ ಸಲ ಸ್ವಲ್ಪ ಸಣ್ಣ ದನಿಯಲ್ಲಿ. “ನೆಲದೊಳಗೆ ಏನೈತೆ ಅನ್ನೋದಕ್ಕೆ ಮಾತ್ರ ಇಲ್ಲ. ಅದು ಅವ್ನ ತಲೇಲೈತೆ.” ಆಮೇಲೆ ತಡೆದು, “ನಾನು ಕಳ್ಳ ಅಂತ ಬರೀಲಿಲ್ಲ, ಅನುಮಾನ ಅಂತ ಬರ್ದೆ. ಇಷ್ಟು ದಿನ ಒಳಗೆ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ” ಅಂದರು.

ಸೀನಿಯರ್ ಇನ್ನೊಂದು ಕೋರ್ಟ್ ಹಾಲಿನಲ್ಲಿ ವಾದಕ್ಕೆ ನಿಂತಿದ್ದರು, ಫೋನ್ ಆಫ್. ಅಫಿಡವಿಟ್ ಊಟದ ಹೊತ್ತಿಗಿಂತ ಮೊದಲೇ ತಯಾರಾಗಬೇಕು. ಮೂವತ್ತು ವರ್ಷ ಅನುಭವವಿದ್ದ ನಮ್ಮ ಗುಮಾಸ್ತರು ಕೀಬೋರ್ಡಿನ ಮೇಲೆ ಬೆರಳಿಟ್ಟು ಹೇಳಿದರು: “ಮೇಡಂ, ಜಾಮೀನುದಾರ, ಇಂಥ ಊರು, ಇಂಥ ಸರ್ವೆ ನಂಬರ್, ಅಷ್ಟೇ ಹೊಡೀತೀನಿ. ಫಿರ್ಯಾದಿ ಅಂತ ನಾವಾಗೇ ಯಾಕೆ ಹೇಳ್ಬೇಕು? ಕೇಳಿದ್ರೆ ನೋಡ್ಕೊಳ್ಳೋಣ.”

ಮಾತು ಹಿತವಾಗಿತ್ತು. ಹೇಳಿದರೆ ನ್ಯಾಯಾಧೀಶರು ತಿರಸ್ಕರಿಸಬಹುದು, ಆಗ ರಜೆ ಮುಗಿಯುವ ತನಕ ಮೆಕ್ಯಾನಿಕ್ ಒಳಗೆ. ಹೇಳದಿದ್ದರೆ ಇವತ್ತು ಸಂಜೆಗೇ ಬಿಡುಗಡೆ ಆದೇಶ ಸಿಗಬಹುದು. ಆದರೆ ಮುಂದೊಂದು ದಿನ ಇದೇ ಇಸ್ತ್ರಿ ಪಂಚೆ ಸಾಕ್ಷಿ ಹೇಳಲು ಕಟಕಟೆ ಹತ್ತುತ್ತದೆ. ಅವತ್ತು ಇದು ಗೊತ್ತಾದರೆ ಪೆಟ್ಟು ಬೀಳುವುದು ನನಗಲ್ಲ, ಗುಮಾಸ್ತರಿಗಲ್ಲ, ಅವನಿಗೆ. ಒಮ್ಮೆ ಓದದೆ ಹೋಗಿ ಅವನನ್ನು ಅಪಾಯಕ್ಕೆ ಒಡ್ಡಿದ್ದೆ, ಇನ್ನೊಮ್ಮೆ ಬರೆಯದೆ ಒಡ್ಡಲು ಮನಸ್ಸಾಗಲಿಲ್ಲ.

“ಎರಡನೇ ಪ್ಯಾರಾ ಬರ್ಕೊಳ್ಳಿ,” ಅಂದೆ. “ನಾನು ಈ ಪ್ರಕರಣದ ಫಿರ್ಯಾದಿ ಆಗಿರುತ್ತೇನೆ. ಯಾರ ಒತ್ತಾಯವೂ ಇಲ್ಲದೆ ಜಾಮೀನು ನಿಲ್ಲುತ್ತಿದ್ದೇನೆ.”

ಗುಮಾಸ್ತರು ದೇವರ ಫೋಟೋ ಕಡೆ ಒಮ್ಮೆ ನೋಡಿ ಹೊಡೆದರು. ಸೀನಿಯರ್ ಬಂದು ಓದಿದರು. “ಇದನ್ನ ಹಾಕ್ಸಿದ್ದು ಯಾರು?” “ನಾನು ಸರ್.” “ಸರಿ, ಬಾ. ಪಕ್ಕದಲ್ಲೇ ನಿಂತ್ಕೋ, ಬೈಸ್ಕೊಳ್ಳೋಕೆ ಜೊತೆಯಾಗುತ್ತೆ.”

ನ್ಯಾಯಾಧೀಶರು ಎರಡನೇ ಪ್ಯಾರಾ ಓದಿ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ಓದಿದರು. ಸರ್ಕಾರಿ ವಕೀಲರು ಎದ್ದು ನಿಂತರು. ಸಾಕ್ಷಿಯನ್ನು ಬೆದರಿಸಬಾರದು, ಆಮಿಷ ಒಡ್ಡಬಾರದು ಅಂತ ಬೇಲ್ ಆರ್ಡರಿನಲ್ಲೇ ಷರತ್ತಿದೆ, ಇದೆಂಥ ವಿಚಿತ್ರ ಅಂತ ತಕರಾರು ತೆಗೆದರು. ಅವರ ಮಾತು ತಪ್ಪಾಗಿರಲಿಲ್ಲ. ನ್ಯಾಯಾಧೀಶರು ಫೈಲಪ್ಪನವರನ್ನೇ ಕರೆದರು.

“ನಿಮ್ಮನ್ನ ಯಾರಾದ್ರೂ ಹೆದರಿಸಿದ್ರಾ?”

“ಇಲ್ಲ ಸ್ವಾಮಿ. ಈ ಹುಡ್ಗಿ ಒಂದಿನ ಮನೆಗೆ ಬಂದಿತ್ತು. ನನ್ನ ನೋಡಿ ಅದೇ ಹೆದ್ರಿಕೊಂಡ್ ಹೋಯ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಾನು ನೆಲ ನೋಡಿದೆ.

“ಅವನು ಬರದೇ ಹೋದರೆ ಬಾಂಡಿನ ಹಣ ನೀವು ಕಟ್ಟಬೇಕು, ಗೊತ್ತಾ? ನಿಮ್ಮ ವಸ್ತು ಕದ್ದ ಅಂತ ನೀವೇ ದೂರು ಕೊಟ್ಟಿದ್ದೀರಿ. ಅಂಥವನ ಮೇಲೆ ನಂಬಿಕೆ ಇದೆಯಾ?”

ಫೈಲಪ್ಪ ಯೋಚಿಸಿ ಹೇಳಿದರು: “ಕೇಬಲ್ ವಿಷ್ಯದಲ್ಲಿ ಅನುಮಾನ ಐತೆ ಸ್ವಾಮಿ. ಓಡೋಗೋ ವಿಷ್ಯದಲ್ಲಿ ಇಲ್ಲ. ಡೇಟಿಗೆ ಹೆಂಗೂ ನಾನೂ ಬರ್ಬೇಕಲ್ಲ, ನನ್ ಗಾಡೀಲೇ ಹಿಂದೆ ಕೂರಿಸ್ಕೊಂಡ್ ಬರ್ತೀನಿ.”

ಸರ್ಕಾರಿ ವಕೀಲರು ಕೂತರು. ನ್ಯಾಯಾಧೀಶರು ಪಹಣಿಯನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟೋ ದಿನದ ಮೇಲೆ ಒಂದು ಸರಿಯಾದ ಪಹಣಿ ನೋಡಿದೆ ಅಂದರು. ಜಾಮೀನು ಒಪ್ಪಿದರು. ಕೇಸಿನ ವಿಷಯ ಇಬ್ಬರೂ ಪರಸ್ಪರ ಮಾತಾಡಕೂಡದು ಅಂತ ಒಂದು ಷರತ್ತು ಸೇರಿಸಿದರು.

“ಮೋಟ್ರು ವಿಷ್ಯ ಮಾತಾಡ್ಬೋದಾ ಸ್ವಾಮಿ?”

“ಮೋಟ್ರು ಮಾತಾಡಿ,” ಅಂದರು ನ್ಯಾಯಾಧೀಶರು.

ಬಿಡುಗಡೆ ಆದೇಶ ಜೈಲಿಗೆ ಹೋಗಿ, ಅಲ್ಲಿನ ಲೆಕ್ಕಾಚಾರ ಮುಗಿದು, ಮರುದಿನ ಬೆಳಿಗ್ಗೆ ಬಿಡುತ್ತಾರೆ ಅಂತ ಗೊತ್ತಾಯಿತು. ಜೈಲಿನ ಗೇಟಿನಲ್ಲಿ ನಾವು ಮೂವರೂ ನಿಂತಿದ್ದೆವು. ನಾನು, ಮೆಕ್ಯಾನಿಕ್‌ನ ಹೆಂಡತಿ, ಮತ್ತು ಅವಳಿಂದ ಹತ್ತು ಮಾರು ದೂರದಲ್ಲಿ ಫೈಲಪ್ಪ. ಬಸ್ಸಿನಲ್ಲಿ ಬರುವಾಗಲೂ ಆಕೆ ಅವರ ಕಡೆ ತಿರುಗಿ ನೋಡಿರಲಿಲ್ಲ. ಹತ್ತು ಗಂಟೆಗೆ ಸಣ್ಣ ಬಾಗಿಲು ತೆರೆದು ಒಬ್ಬ ತೆಳ್ಳಗಿನ ಮನುಷ್ಯ ಪ್ಲಾಸ್ಟಿಕ್ ಕವರು ಹಿಡಿದು ಆಚೆ ಬಂದ. ಇಷ್ಟು ದಿನ ನಾನು ಓಡಾಡಿದ್ದು ಯಾರಿಗಾಗಿ ಅಂತ ಅವತ್ತೇ ಮೊದಲು ನೋಡಿದೆ. ಹೆಂಡತಿ ಅವನ ಕೈಯಿಂದ ಕವರು ಇಸಿದುಕೊಂಡಳು, ಸೆರಗಿನಿಂದ ಮುಖ ಒರೆಸಿಕೊಂಡಳು.

ಫೈಲಪ್ಪ ಮುಂದೆ ಬಂದರು. ಕ್ಷಮೆ ಕೇಳುತ್ತಾರೇನೋ ಅಂದುಕೊಂಡೆ. “ಮೋಟ್ರು ಸಿಕ್ಕಾಕ್ಕೊಂಡೈತೆ ಕಣಪ್ಪ,” ಅಂದರು.

ಅವನು ಪೈಪು ಹಿಡಿದ ಹಾಗೆ ಕೈ ಮಾಡಿ ತೋರಿಸಿದ. “ಮೂವತ್ತೆರಡು ಪೈಪ್ ಐತೆ ಯಜಮಾನ್ರೆ. ಮೇಲೆ ಕೇಸಿಂಗ್ ಒಂದ್ ಕಡೆ ಸೊಟ್ಟ ಐತೆ. ಜಾಯಿಂಟು ಬಂದಾಗೆಲ್ಲ ಎಳೀಬಾರ್ದು, ಒಂಚೂರು ಕೆಳಕ್ಕೆ ಬಿಟ್ಟು ತಿರುಗಿಸಿ ಎತ್ಬೇಕು. ಅಷ್ಟೇಯ.” ಆಮೇಲೆ ಅಂದ: “ಇದಕ್ಕೆ ಇಷ್ಟು ದೂರ ಬಂದ್ರಾ? ಒಂದು ಕಾಗ್ದ ಬರ್ದು ಕೇಳಿದ್ರೆ ಒಳಗಿಂದಾನೇ ಹೇಳ್ತಿದ್ನಲ್ಲ.”

ಫೈಲಪ್ಪನವರ ಮುಖ ನೋಡಬೇಕಿತ್ತು. ಊರಿಗೆಲ್ಲ ಕಾಗದದ ಮನುಷ್ಯ, ಆ ಒಂದು ಕಾಗದ ಅವರಿಗೆ ಹೊಳೆದಿರಲಿಲ್ಲ. ನನಗೂ ನಗು ಬಂತು, ಜೋರಾಗಿಯೇ ನಕ್ಕೆ. ಮೆಕ್ಯಾನಿಕ್‌ನ ಹೆಂಡತಿ ನಗಲಿಲ್ಲ. ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

“ಹಂಗಾದ್ರೆ ಮೇಡಂ, ಅವ್ರ ಮೋಟ್ರು ಕೆಡದೆ ಇದ್ದಿದ್ರೆ? ಇಲ್ಲಾ, ಅವ್ರು ಕಾಗ್ದ ಬರ್ದುಬಿಟ್ಟಿದ್ರೆ?”

“ಒಳಗೇ ಇರ್ತಿದ್ರು ಅಕ್ಕ,” ಅಂದೆ.

ಅವಳು ತಲೆಯಾಡಿಸಿದಳು. ಗಂಡನ ರಟ್ಟೆ ಹಿಡಿದುಕೊಂಡು, ಬಸ್ ಸ್ಟಾಪಿನ ತನಕ ಬಿಡದೆ ನಡೆದಳು.